ತಾಂಡೂರು ದಾಟಿದರೆ ತೆರೆಯುವ ಆಟ

ಕಳೆದ ತಿಂಗಳು ಕಣ್ಣು ತೋರಿಸಲು ಹೈದರಾಬಾದಿನ ಮಾದಾಪುರಕ್ಕೆ ಹೋಗಿದ್ದೆ. ಯಾರೋ ಕೊಟ್ಟ ವಿಳಾಸ ಹಿಡಿದು ಆಟೋ ಇಳಿದರೆ ಎದುರಿಗಿದ್ದದ್ದು ನಮ್ಮ ಹಳೆಯ ಆಫೀಸು! ಗಾಜಿಗೆ ಬೇರೆ ಬಣ್ಣದ ಹಾಳೆ ಅಂಟಿಸಿ, ಬಾಗಿಲಲ್ಲಿ ಒಬ್ಬ ಗಣಪತಿಯನ್ನು ಕೂರಿಸಿ, ಕಣ್ಣಿನ ಆಸ್ಪತ್ರೆ ಮಾಡಿದ್ದರು. ಮೂರನೆಯ ಮಹಡಿಯಲ್ಲಿ ಡಾಕ್ಟರಮ್ಮ ನನ್ನ ಗದ್ದವನ್ನು ಯಂತ್ರದ ಮೇಲೆ ಇಡಿಸಿದ ಜಾಗದಲ್ಲೇ ಒಂದು ಕಾಲಕ್ಕೆ ನನ್ನ ಮೇಜು ಇತ್ತು. ಹೊರಗೆ ಸಣ್ಣಗೆ ಮಳೆ. ಕಿಟಕಿಯ ಮೂಲೆಯಲ್ಲಿ ಆಗಲೂ ನೀರು ಒಸರುತ್ತಿತ್ತು, ಈಗಲೂ ಒಸರುತ್ತಿದೆ. ಮಾಲೀಕ ಗಾಜು ಬದಲಿಸಿದ್ದಾನೆ, ಮೂಲೆ ಬದಲಿಸಿಲ್ಲ. ಒದ್ದೆ ಜಮಖಾನೆಯ ಅದೇ ಮುಗ್ಗಲು ವಾಸನೆ. "ರೆಪ್ಪೆ ಹೊಡೆಯಬೇಡಿ" ಎಂದು ಡಾಕ್ಟರಮ್ಮ ತೆಲುಗಿನಲ್ಲಿ ಗದರಿದರು. ಏನು ಮಾಡಲಿ? ಆ ವಾಸನೆ ಮೂಗಿಗೆ ಬಿದ್ದದ್ದೇ ನನ್ನ ಎದೆ ಹೊಡೆದುಕೊಳ್ಳತೊಡಗಿತ್ತು. ಒಂದು ಶ್ರಾವಣ ಪೂರ್ತಿ ಅದು ಹಾಗೇ ಹೊಡೆದುಕೊಂಡಿತ್ತು.

ನಮ್ಮದು ಇಸ್ಪೀಟಿನ ಕಂಪನಿ. ಫೋನಿನಲ್ಲಿ ಆಡುವ ಪೋಕರ್. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಐದು ಎಲೆ, ಉಳಿದದ್ದೆಲ್ಲ ಎದುರಿನವನು ಏನು ಹಿಡಿದಿದ್ದಾನೆ ಎಂಬ ಅಂದಾಜು. ಊರಲ್ಲಿ ಕೇಳಿದವರಿಗೆ ನಾನು "ಸಾಫ್ಟ್‌ವೇರು" ಎನ್ನುತ್ತಿದ್ದೆ. ಮಾದಾಪುರದಲ್ಲಿ ಕೆಲಸ ಎಂದ ಮೇಲೆ ಯಾರೂ ಮುಂದೆ ಕೇಳುತ್ತಿರಲಿಲ್ಲ. ಹಾಗೆಂದು ಕಳ್ಳ ವ್ಯವಹಾರವೇನಲ್ಲ. ಪರವಾನಗಿ ಇತ್ತು, ವಯಸ್ಸಿನ ದಾಖಲೆ ನೋಡದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ದಿನಕ್ಕೆ ಇಷ್ಟೇ ಎಂದು ಮಿತಿ ಇತ್ತು. ವಿಚಿತ್ರವೆಂದರೆ, ಆಫೀಸು ಹೈದರಾಬಾದಿನಲ್ಲಿದ್ದರೂ ಹೈದರಾಬಾದಿನಲ್ಲಿ ಕೂತು ಆ ಆಟ ಆಡುವಂತಿರಲಿಲ್ಲ. ಈ ರಾಜ್ಯದಲ್ಲಿ ದುಡ್ಡಿಟ್ಟು ಆನ್‌ಲೈನಿನಲ್ಲಿ ಇಸ್ಪೀಟು ಆಡುವುದನ್ನು ನಿಲ್ಲಿಸಿಬಿಟ್ಟಿದ್ದರು. ಇಲ್ಲಿ ಆ್ಯಪ್ ಒತ್ತಿದರೆ "ನಿಮ್ಮ ರಾಜ್ಯದಲ್ಲಿ ಈ ಆಟ ಲಭ್ಯವಿಲ್ಲ" ಎಂಬ ಒಂದು ಬೋಳು ಪರದೆ ಬರುತ್ತಿತ್ತು, ಅಷ್ಟೇ. ಕರ್ನಾಟಕದಲ್ಲಿ ಆಗ ತಡೆ ಇರಲಿಲ್ಲ. ಹಾಗಾಗಿ ನಾವು ಇಲ್ಲಿ ಕೂತು ಅಲ್ಲಿಯವರನ್ನು ಕರೆಯುತ್ತಿದ್ದೆವು.

ಕರೆಯುವುದೇ ನನ್ನ ಕೆಲಸ. ನಮ್ಮ ಮೇಲಧಿಕಾರಿ ನಿಖಿಲ್ ಲಖನೌ ಕಡೆಯವನು, ನನಗಿಂತ ಚಿಕ್ಕವನು, ಸದಾ ಬಾಯಲ್ಲಿ ಸೋಂಪು. ಅವನ ಒಂದೇ ಕೊರಗು, ಹವ್ಯಾಸಕ್ಕೆ ಆಡುವವರು ಎದ್ದು ಹೋಗುತ್ತಿದ್ದಾರೆ ಎಂಬುದು. "ದೊಡ್ಡ ಆಟಗಾರರನ್ನು ನಾವು ಓಡಿಸಿದರೂ ಹೋಗುವುದಿಲ್ಲ. ಸಂಜೆ ಚಹಾ ಕುಡಿಯುತ್ತ ನಾಲ್ಕು ಕೈ ಆಡುತ್ತಾನಲ್ಲ, ಅವನು ಹೋದರೆ ಮೇಜು ಮುಗಿಯಿತು" ಎಂದು ದಿನಕ್ಕೊಮ್ಮೆ ಹೇಳುತ್ತಿದ್ದ. ಅವರು ಹೋಗದೆ ಏನು ಮಾಡಿಯಾರು? ಪಳಗಿದವರು ಅವರನ್ನು ಸುಲಿದು ಕಳಿಸುತ್ತಿದ್ದರು. ಕೊನೆಗೆ ಕಂಪನಿ ಸಣ್ಣವರಿಗೆಂದೇ ಬೇರೆ ಮೇಜುಗಳನ್ನು ಮಾಡಿ, ಪಳಗಿದವರು ಅಲ್ಲಿಗೆ ಬಾರದಂತೆ ಮಾಡಿತು. ಅದು ಒಳ್ಳೆಯ ಕೆಲಸ, ನಾನು ಈಗಲೂ ಹಾಗೇ ಅನ್ನುತ್ತೇನೆ. ಆದರೆ ಹೋದವರಿಗೆ ಅದನ್ನು ಹೇಳಿ ವಾಪಸ್ಸು ಕರೆತರಬೇಕಲ್ಲ! ಕನ್ನಡದವರ ಪಾಲಿಗೆ ನಾನಿದ್ದೆ.

ನನಗೂ ಮೊದಲಿದ್ದವರು "ಪ್ರಿಯ ಗ್ರಾಹಕರೇ, ನಿಮ್ಮ ಅನುಪಸ್ಥಿತಿಯನ್ನು ಗಮನಿಸಿದ್ದೇವೆ" ಎಂದು ಬರೆಸಿಟ್ಟಿದ್ದರು. ಓದಿದರೆ ಕೋರ್ಟಿನ ನೋಟಿಸು ಬಂದ ಹಾಗಿತ್ತು. ನಾನು ಅದನ್ನೆಲ್ಲ ಕಿತ್ತೆಸೆದು ಮನೆಯ ಮಾತು ಹಾಕಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಜನ ಹೈದರಾಬಾದಿನಲ್ಲಿ ಗಾರೆ ಕೆಲಸದಿಂದ ಹಿಡಿದು ಕಂಪ್ಯೂಟರಿನ ಕೆಲಸದವರೆಗೆ ದುಡಿಯುತ್ತ, ಹಬ್ಬಕ್ಕೆ ರೈಲು ಹತ್ತುತ್ತಾರೆ. ಗಡಿಯ ತಾಂಡೂರು ದಾಟಿದರೆ ಕರ್ನಾಟಕ, ನಮ್ಮ ಸೀಮೆ. ಆ್ಯಪ್ ಅಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಆ ಗಳಿಗೆಗೆ ಸರಿಯಾಗಿ ಅವರ ಫೋನಿಗೆ ಒಂದು ಮಾತು ಹೋಗಲಿ ಎಂದೆ. ನಾನು ಬರೆದ ಸಾಲು ಇದು: "ಊರಿಗೆ ಬಂದಿರಾ? ಕಾಲು ತೊಳೆದುಕೊಂಡು ಬನ್ನಿ, ಎಲ್ಲರೂ ಕೂತಿದ್ದಾರೆ." ಅದರ ಜೊತೆಗೆ ಎಲೆ ಕಲಸುವ ಫರ್ರ್ ಎಂಬ ಸದ್ದು. ನಿಖಿಲ್ ಅದನ್ನು ಹಿಂದಿಯಲ್ಲಿ ಹೇಳಿಸಿಕೊಂಡು ಕುರ್ಚಿಯಿಂದ ಎದ್ದು ನಿಂತಿದ್ದ.

ಹೋಗುವವರಿಗೂ ನಾನೇ ಬರೆದೆ. ಬೇಡವೆಂದವನು ತನ್ನ ಖಾತೆಗೆ ತಾನೇ ಕಾಯಂ ಬೀಗ ಹಾಕಿಕೊಳ್ಳುವ ಬಾಗಿಲೊಂದು ಇರಲೇಬೇಕು ಎಂಬುದು ನಿಯಮ. ಬಾಗಿಲ ತನಕ ಎಷ್ಟು ದೂರ ನಡೆಸಬೇಕು ಎಂದು ನಿಯಮದಲ್ಲಿ ಇರಲಿಲ್ಲ. ಒಂದೊಂದು ಪರದೆಯಲ್ಲೂ ಕೈ ಹಿಡಿದು ನಿಲ್ಲಿಸುವಂಥ ಒಂದು ಮಾತು ಬೇಕೆಂದ ನಿಖಿಲ್. ಬರೆದುಕೊಟ್ಟೆ. ಇಂಥದ್ದು ನನಗೆ ಸಲೀಸಾಗಿ ಬರುತ್ತಿತ್ತು, ಬಂದಾಗ ಖುಷಿಯೂ ಆಗುತ್ತಿತ್ತು.

ಇನ್ನು ನನ್ನ ತಮ್ಮ ಬಸು. ಅವ್ವ ತೀರಿಕೊಂಡ ಮೇಲೆ ಅವನಿಗೆ ನಾನು, ನನಗೆ ಅವನು. ಮಾದಾಪುರದ ಹಿಂದಿನ ಓಣಿಯೊಂದರಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೆವು. ಅವನು ಕಂಪನಿಗಳ ಹುಡುಗ ಹುಡುಗಿಯರನ್ನು ಕರೆದೊಯ್ಯುವ ಕ್ಯಾಬ್ ಓಡಿಸುತ್ತಿದ್ದ. ಬಿಟ್ಟು ಬರುವುದಕ್ಕೂ ಕರೆತರುವುದಕ್ಕೂ ನಡುವೆ ಪಾರ್ಕಿಂಗಿನಲ್ಲಿ ಗಂಟೆಗಟ್ಟಲೆ ಕೂತಿರಬೇಕು. ತಡೆ ಬರುವ ಮೊದಲು ಅಲ್ಲಿ ಹತ್ತಿಕೊಂಡದ್ದು ನಮ್ಮ ಕಂಪನಿಯದೇ ಈ ಆಟ. ನಾನು ಅಲ್ಲಿ ಕೆಲಸಕ್ಕಿದ್ದೇನೆಂದು ಅವನಿಗೆ ಗೊತ್ತಿತ್ತು, ಏನು ಬರೆಯುತ್ತೇನೆಂದು ಗೊತ್ತಿರಲಿಲ್ಲ. ಮನೆ ಮಠ ಕಳೆಯುವಂಥ ಆಟಗಾರನಲ್ಲ ಅವನು. ನಿಖಿಲ್ ಕನಸು ಕಾಣುವಂಥ, ಚಹಾದ ಜೊತೆ ನಾಲ್ಕು ಕೈ ಆಡುವವನು. ಇಲ್ಲಿ ಆಟ ನಿಂತ ಮೇಲೆ ಅವನು ಊರ ಕಡೆ ಹೋದಾಗ ಮಾತ್ರ ಆಡುತ್ತಿದ್ದ. ಹಸಿದವನು ಹೋಟೆಲು ಹೊಕ್ಕ ಹಾಗೆ, ರೈಲು ತಾಂಡೂರು ದಾಟುವುದನ್ನೇ ಕಾಯುತ್ತಿದ್ದ.

ಹಾಗೆ ಕಾದವನು ಸೇಡಂನಲ್ಲಿ ಹೆಣ್ಣು ನೋಡಲು ಹೋದಾಗಲೂ ಸುಮ್ಮನಿರಲಿಲ್ಲ. ಹುಡುಗಿ ಮಹಾನಂದಾ. ಅಪ್ಪ ಮಲ್ಲಣ್ಣನ ಹಿಟ್ಟಿನ ಗಿರಣಿಯಲ್ಲಿ ತೂಕಕ್ಕೆ ನಿಲ್ಲುತ್ತಿದ್ದಳು, ರೆಪ್ಪೆಯ ಮೇಲೆಲ್ಲ ಜೋಳದ ಹಿಟ್ಟು. ಬಸುವಿಗೆ ಅವಳನ್ನು ನೋಡಿದ್ದೇ ಮಾತು ನಿಂತಿತ್ತು. ಅವಳೂ ಅವನನ್ನು ಎರಡನೆಯ ಸಲ ನೋಡಿದ್ದನ್ನು ನಾನು ಕಂಡಿದ್ದೆ. ಎಲ್ಲ ಕೂಡಿ ಬಂತು ಎನ್ನುವಾಗ ಹಿರಿಯರು ಪಡಸಾಲೆಯಲ್ಲಿ ಮಾತಿಗೆ ಕೂತರು. ಈ ಮಹಾರಾಯ ತೊಡೆಯ ಮೇಲಿನ ಟವೆಲಿನ ಕೆಳಗೆ ಫೋನ್ ಹಿಡಿದು ಎಲೆ ತಿರುವುತ್ತಿದ್ದ.

ಮಲ್ಲಣ್ಣ ಸಿಟ್ಟು ಮಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ನನ್ನನ್ನು ಗಿರಣಿಯ ಬಾಗಿಲಿಗೆ ಕರೆದು, "ನೋಡವ್ವಾ, ಗಿರಣಿ ಸಪ್ಪಳದಾಗ ನನ್ನ ಕಿವಿ ಅರ್ಧ ಹೋಗ್ಯಾವ. ಆದ್ರೂ ಎದುರಿಗಿದ್ದವರು ಮಾತಾಡಿದ್ರ ಕೇಳತೀನಿ. ನಿನ್ನ ಡ್ಯೂಟಿ ಎಷ್ಟೊತ್ತಿಗಪಾ ಅಂತ ಆ ಹುಡುಗಗ ಮೂರು ಸಲ ಕೇಳಿದೆ. ಕೇಳಿಸಲಿಲ್ಲ ಅವಗ" ಎಂದ.

"ತಪ್ಪಾಗ್ಯದ ಕಾಕಾ. ಸಣ್ಣ ಚಟ, ಬಿಡಸ್ತೀನ್ರಿ" ಎಂದೆ.

"ನೀ ಬಿಡಸಬ್ಯಾಡ, ಅವನೇ ಬಿಡ್ಲಿ. ಒಂದು ಶ್ರಾವಣ ನೋಡ್ತೀನಿ. ನಮ್ಮ ಕಡಿ ಕುಡಿಯವ್ರು ಶ್ರಾವಣ ಹಿಡಿತಾರಲ್ಲ, ಹಂಗ ಇವ ಇದನ್ನ ಹಿಡೀಲಿ. ಆಟ ಮುಟ್ಟಬಾರದು, ತೆರೀಬಾರದು, ಹಣಿಕಿನೂ ಹಾಕಬಾರದು. ಶ್ರಾವಣ ತೀರೋ ಬೆನಕನ ಅಮಾಸಿಗಿ ಬಂದು, ಹಿಡದೀನ್ರಿ ಅಂತ ಬಾಯಿಲೆ ಹೇಳಿದ್ರ ಸಾಕು. ಅವತ್ತೇ ಕುಂಕುಮ ಹಚ್ಚಿ ಮಾತು ಗಟ್ಟಿ ಮಾಡ್ತೀವಿ."

ಒಳಗಿನಿಂದ ತೂಕದ ಕಲ್ಲು ಇಡುವ ಸದ್ದು ನಿಂತಿತ್ತು. ಮಹಾನಂದಾ ಕೇಳುತ್ತಿದ್ದಳು.

ಬಸು ಒಪ್ಪಿಕೊಂಡ. ಮಲ್ಲಣ್ಣನ ಮನೆಯವರಿಗೆ ನನ್ನ ಕೆಲಸ ಏನೆಂದು ಮಾತ್ರ ನಾನು ಬಾಯಿ ಬಿಡಲಿಲ್ಲ. ಕೇಳಿದರೆ ಹೇಳೋಣ ಎಂದುಕೊಂಡೆ, ಅವರು ಕೇಳಲಿಲ್ಲ. ನಾಗರ ಅಮಾವಾಸ್ಯೆ ಕಳೆದು ಶ್ರಾವಣ ಹತ್ತಿತು. ಅಂದಿನಿಂದ ನನ್ನ ಪಾಡು ಹೇಳತೀರದು. ಹೈದರಾಬಾದಿನಲ್ಲಿ ಇರುವ ತನಕ ಅವನಿಗೆ ಆಟ ತೆರೆಯುವುದಿಲ್ಲ ಎಂದು ಗೊತ್ತಿದ್ದರೂ ಅವನು ಫೋನ್ ಕೈಗೆತ್ತಿಕೊಂಡರೆ ನನ್ನ ಕಣ್ಣು ಅತ್ತಲೇ. ಕ್ಯಾಬ್ ಕಂಪನಿಯ ಫೋನ್ ಬಂದರೂ ಬೆಚ್ಚುತ್ತಿದ್ದೆ. "ಅಕ್ಕಾ, ನೀ ಹಿಂಗ ನೋಡಿದ್ರ ನನಗ ಇಲ್ಲದ್ದು ನೆನಪಾಗ್ತದ" ಎಂದು ಅವನೇ ಒಂದು ದಿನ ರೇಗಿದ. ಹಗಲೆಲ್ಲ ಆಫೀಸಿನಲ್ಲಿ ಬಿಟ್ಟು ಹೋದವರನ್ನು ಕರೆಯುವುದು, ಸಂಜೆ ಮನೆಯಲ್ಲಿ ಒಬ್ಬನನ್ನು ಹೋಗದಂತೆ ಕಾಯುವುದು. ಇಂಥ ನೌಕರಿ ಶತ್ರುವಿಗೂ ಬೇಡ.

ಶ್ರಾವಣದಲ್ಲಿ ಕನ್ನಡದ ಸಂದೇಶಗಳನ್ನು ನಿಲ್ಲಿಸೋಣ ಎಂದು ನಿಖಿಲ್‌ಗೆ ನಾನೇ ಹೇಳಿದ್ದೆ. ನಮ್ಮ ಕಡೆಯವರು ಈ ತಿಂಗಳು ಕುಡಿತ, ಮಾಂಸ, ಜೂಜು ಎಲ್ಲ ಬಿಡುತ್ತಾರೆ, ಈಗ ಕರೆದರೆ ಸಿಟ್ಟಿಗೆದ್ದು ಕಾಯಂ ಹೋಗುತ್ತಾರೆ ಎಂದೆ. ಅದು ಸುಳ್ಳಲ್ಲ. ಅದರಲ್ಲಿ ನನ್ನ ಮನೆಯ ಸ್ವಾರ್ಥವೂ ಇತ್ತು, ಅದೂ ಸುಳ್ಳಲ್ಲ. ಒಂದೇ ಕಲ್ಲಿಗೆ ಎರಡು ಹಣ್ಣು ಉದುರಿದರೆ ಯಾರು ಬೇಡವೆನ್ನುತ್ತಾರೆ? ನಿಖಿಲ್ ತಕ್ಷಣ ಒಪ್ಪಿದ. "ನಮ್ಮ ಮನೆಯಲ್ಲೂ ಸಾವನ್‌ನಲ್ಲಿ ಅಮ್ಮ ಈರುಳ್ಳಿ ಕೂಡ ಹಾಕುವುದಿಲ್ಲ. ಅರ್ಧ ತಿಂಗಳು ಆಗಲೇ ಕಳೆಯಿತಲ್ಲ" ಎಂದು, ಸಾವನ್, ಅಂದರೆ ಶ್ರಾವಣ, ಮುಗಿಯುವ ತನಕ ಎಲ್ಲ ನಿಲ್ಲಿಸಿದ. ನಮ್ಮ ಶ್ರಾವಣ ಆಗಿನ್ನೂ ಹತ್ತಿತ್ತಷ್ಟೇ, ಇವನೇನು ಅರ್ಧ ಕಳೆಯಿತು ಎನ್ನುತ್ತಾನೆ ಎಂದು ನನಗೆ ಅನಿಸಿದ್ದೇನೋ ನಿಜ. ಬಾಯಿ ತಪ್ಪಿ ಅಂದಿರಬೇಕು ಎಂದುಕೊಂಡು ಬಿಟ್ಟುಬಿಟ್ಟೆ.

ಹುಣ್ಣಿಮೆ ಬಂತು. ಆಫೀಸಿನಲ್ಲಿ ಹುಡುಗಿಯರು ನಿಖಿಲ್‌ಗೆ ರಾಖಿ ಕಟ್ಟಿದರು, ಬಸುವಿಗೆ ನಾನೂ ಒಂದು ಕಟ್ಟಿದೆ. ಮುಂದಿನ ಸೋಮವಾರ ಗಿರಣಿಯಲ್ಲಿ ಪೂಜೆ, ಪ್ರಸಾದಕ್ಕೆ ಇಬ್ಬರೂ ಬರಬೇಕು ಎಂದು ಮಲ್ಲಣ್ಣ ಫೋನ್ ಮಾಡಿದ. ಸೇಡಂ ಎಂದರೆ ತಾಂಡೂರಿನ ಆಚೆ. ಅಮಾವಾಸ್ಯೆಯ ತನಕ ಇವನನ್ನು ಗಡಿ ದಾಟಿಸಬಾರದೆಂದು ನಾನು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದೆ. ಹೋಗದಿದ್ದರೆ ಹುಡುಗನಿಗೆ ತನ್ನ ಮೇಲೇ ನಂಬಿಕೆಯಿಲ್ಲ ಎಂದಾಗುತ್ತದೆ, ಹೋದರೆ ನನಗೆ ನಂಬಿಕೆಯಿಲ್ಲ. ಸಂದೇಶಗಳು ನಿಂತಿವೆಯಲ್ಲ, ಯಾರೂ ಕರೆಯುವುದಿಲ್ಲ, ಅವನಾಗಿ ನೆನೆಸಿಕೊಳ್ಳದಿದ್ದರೆ ಸಾಕು ಎಂದು ಸಮಾಧಾನ ಮಾಡಿಕೊಂಡು ರಜೆ ಹಾಕಿದೆ.

ಸೋಮವಾರ ಬೆಳಿಗ್ಗೆ ಲಿಂಗಂಪಲ್ಲಿಯಲ್ಲಿ ರೈಲು ಹತ್ತಿದೆವು. ಡಬ್ಬಿಯ ತುಂಬ ನಮ್ಮ ಕಡೆಯವರು. ಗೋಣಿಚೀಲ, ಸ್ಟೀಲಿನ ಡಬ್ಬ, ಎಣ್ಣೆ ಹಚ್ಚಿ ಬಾಚಿದ ತಲೆ, ಪೂಜೆಯ ಹೂವು. ನಮ್ಮೆದುರು ಚಿತ್ತಾಪುರದ ಗಾರೆ ಕೆಲಸದ ಗಂಡ ಹೆಂಡತಿ. ವಿಕಾರಾಬಾದಿನ ಗುಡ್ಡಗಳಲ್ಲಿ ಮಳೆ ಜೋರಾಗಿತ್ತು, ಕಿಟಕಿ ಇಳಿಸಿದ್ದರು. ಬಸು ಫೋನನ್ನು ಅಂಗಿಯ ಕಿಸೆಯಲ್ಲಿಟ್ಟು ಶೇಂಗಾ ಸುಲಿಯುತ್ತಿದ್ದ. ನಾನು ಅವನ ಕಿಸೆಯನ್ನೇ ನೋಡುತ್ತಿದ್ದೆ. ತಾಂಡೂರು ಬಂತು, ಹೋಯಿತು. ಹಳಿಯ ಪಕ್ಕದ ಕಲ್ಲಿನ ರಾಶಿಗಳು ಮುಗಿದು ಕಪ್ಪು ನೆಲ, ತೊಗರಿಯ ಸಾಲು, ಹೆಸರು ಬಿಡಿಸುವ ಹೆಂಗಸರು ಕಾಣಿಸಿದರು. ಉಸಿರು ಬಿಡೋಣ ಎನ್ನುವಷ್ಟರಲ್ಲಿ ಡಬ್ಬಿಯ ಆ ಕೊನೆಯಲ್ಲಿ ಒಂದು ಸದ್ದಾಯಿತು.

ಫರ್ರ್.

ಆಮೇಲೆ ನಡುವೆ ಎಲ್ಲೋ ಒಂದು. ಮೇಲಿನ ಬರ್ತಿನಲ್ಲಿ ಒಂದು. ಎದುರಿನ ಗಾರೆಯವನ ಪ್ಯಾಂಟಿನೊಳಗೆ ಒಂದು. ಕೊನೆಗೆ ಬಸುವಿನ ಅಂಗಿಯ ಕಿಸೆಯಲ್ಲಿ.

ಗಾರೆಯವನು ಫೋನ್ ತೆಗೆದು ಓದಿ ನಕ್ಕ. ಅವನ ಹೆಂಡತಿ ಫೋನ್ ಕಿತ್ತುಕೊಂಡು ಸೆರಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿ, "ಶ್ರಾವಣದಾಗೂ ಬಿಡಂಗಿಲ್ಲ ನೋಡ್ರಿ, ಹಾಳಾದವ್ರು" ಎಂದು ನನ್ನ ಕಡೆ ತಿರುಗಿ ಬೈದಳು. ನಾನು ತಲೆ ಆಡಿಸಿದೆ, ಮತ್ತೇನು ಮಾಡಲಿ. ಬಸು ತನ್ನ ಫೋನಿನ ಸಾಲನ್ನು ಎರಡು ಸಲ ಓದಿದ. ನಂತರ ಶೇಂಗಾದ ಪೊಟ್ಟಣ ನನ್ನ ಮಡಿಲಲ್ಲಿಟ್ಟು, ಎದ್ದು ಬಾಗಿಲ ಕಡೆ ಹೋದ.

ನಿಖಿಲ್‌ಗೆ ಫೋನ್ ಹಚ್ಚಿದೆ. "ಸಂದೇಶಗಳು ಹೋಗುತ್ತಿವೆಯಲ್ಲ ಸರ್! ಶ್ರಾವಣ ನಡೆದಿದೆ!"

"ಸಾವನ್ ಮುಗಿಯಿತಲ್ಲ. ರಾಖಿಗೆ ಮುಗಿಯಿತು. ನೀನೇ ರಾಖಿಯ ದಿನ ಸಿಹಿ ತಿಂದೆ" ಎಂದ.

ಆಗ ಹೊಳೆಯಿತು. ಉತ್ತರದವರ ತಿಂಗಳು ಹುಣ್ಣಿಮೆಯಿಂದ ಹುಣ್ಣಿಮೆಗೆ, ನಮ್ಮದು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಅವರ ಶ್ರಾವಣ ನಮಗಿಂತ ಅರ್ಧ ತಿಂಗಳು ಮೊದಲೇ ಹತ್ತಿ, ಮೊದಲೇ ಇಳಿಯುತ್ತದೆ. ಆಫೀಸಿನ ತೆಲುಗಿನವರಿಗೂ ನಮ್ಮದೇ ಲೆಕ್ಕ, ಆದರೆ ಅವರ ರಾಜ್ಯದಲ್ಲಿ ಆಟವೇ ಇಲ್ಲವೆಂದ ಮೇಲೆ ಅವರನ್ನು ಕೇಳುವವರು ಯಾರು? ಹೇಳಿದರೆ ನಿಖಿಲ್, "ಶ್ರಾವಣ ಎರಡಿದೆಯಾ?" ಎಂದು ಕೇಳಿದ. ಪಾಪ, ನಿಜವಾಗಿಯೂ ಗೊತ್ತಿರಲಿಲ್ಲ ಅವನಿಗೆ. ಸಿಗ್ನಲ್ ಹೋಯಿತು.

ಬಸು ಬಾಗಿಲಲ್ಲಿ ಬೆನ್ನು ಮಾಡಿ ನಿಂತಿದ್ದ. ತಲೆ ಬಗ್ಗಿತ್ತು. ಎದ್ದು ಹೋಗಿ ಫೋನ್ ಕಸಿದುಕೊಳ್ಳಲೇ? ಇಪ್ಪತ್ತೇಳರ ಗಂಡಸಿನ ಕೈಯಿಂದ ಅಕ್ಕ ಫೋನ್ ಕಸಿದುಕೊಂಡು ಮಾಡಿಸಿದ ಮದುವೆ ಎಷ್ಟು ದಿನದ್ದು? ಕೂತಲ್ಲೇ ಕೂತೆ. ಮಹಾನಂದಾಳ ಹಿಟ್ಟು ಮೆತ್ತಿದ ರೆಪ್ಪೆ ಕಣ್ಮುಂದೆ ಬಂತು. ಅವನು ವಾಪಸ್ಸು ಬಂದಾಗ ಆಟ ಪರದೆಯ ಮೇಲೆ ತೆರೆದೇ ಇತ್ತು.

"ತೆರದೇನೋ!" ಎಂದೆ. ದನಿ ಅಳುವಿನ ಹಾಗೆ ಹೊರಟಿತು.

"ತೆರದೀನಿ ಅಕ್ಕಾ. ಖರೆ ಹೇಳ್ತೀನಿ, ಆಡಬೇಕಂತ್ಲೇ ತೆರದೆ. ಕಾಲು ತೊಳಕೊಂಡು ಬರ್ರಿ ಅಂದ್ರು ನೋಡು, ತಡೀಲಿಲ್ಲ. ಒಳಗ ಕುಂತವರ ಹೆಸರು ನೋಡಿದೆ. ಆಮ್ಯಾಲ ಹೆದರಿಕಿ ಆತು. ಹಿಂಗ ಕರದಾಗೆಲ್ಲ ನಾ ಹೋಗಾವನೇ." ಅವನು ನನ್ನ ಪಕ್ಕ ಕೂತ. "ಇದನ್ನ ಕಾಯಂ ಬಂದ್ ಮಾಡೋದು ಎಲ್ಲಿ ಅದ? ಹುಡುಕಿ ಸಾಕಾತು. ಬರೇ ಅಳಿಸಿದ್ರ ಮತ್ತ ಹಾಕ್ಕೋತೀನಿ, ಎಷ್ಟೋ ಸಲ ಹಾಕ್ಕೊಂಡೀನಿ. ಹೈದರಾಬಾದ್‌ನಾಗ ಇದು ತೆರಿಯಂಗೇ ಇಲ್ಲ. ಇಲ್ಲೇ ಆಗಬೇಕು, ಈಗೇ."

ಎಲ್ಲಿದೆ ಎಂದು ನನಗೆ ಗೊತ್ತಿತ್ತು. ನನಗಲ್ಲದೆ ಇನ್ನಾರಿಗೆ? ಅವನ ಕೈಯಲ್ಲಿ ಫೋನ್, ನಾನು ದಾರಿ ಹೇಳುತ್ತ ಹೋದೆ. ಮೊದಲ ಪರದೆ ಬಂತು: "ಏನು ಬೇಸರವಾಯಿತು? ನಮ್ಮಿಂದ ತಪ್ಪಾಗಿದ್ದರೆ ಹೇಳಿ." ಬಸು ನಕ್ಕು ದಾಟಿದ. ಎರಡನೆಯದು: "ನಾಲ್ಕು ದಿನ ಸುಮ್ಮನಿದ್ದು ಬನ್ನಿ. ಬಾಗಿಲು ಹಾಕುವುದು ಯಾಕೆ?" ಅವನ ಬೆರಳು ತಡವರಿಸಿತು. "ಯಾರು ಬರದಾರೋ, ಭಾಳ ಚಲೋ ಬರದಾರ" ಎಂದ. ನನ್ನ ಕಿವಿ ಬಿಸಿಯಾಯಿತು. ದಾಟಿದ. ಕೊನೆಯ ಪರದೆ ತೆರೆಯಲು ರೈಲಿನ ಅಲುಗಾಟದಲ್ಲಿ ಬಹಳ ಹೊತ್ತು ತೆಗೆದುಕೊಂಡಿತು.

"ನಿಮ್ಮ ಜಾಗ ಹಾಗೇ ಇಟ್ಟಿದ್ದೇವೆ. ಎತ್ತಿಡಲು ಮನಸ್ಸು ಬರುತ್ತಿಲ್ಲ." ಅದರ ಕೆಳಗೆ, ಕಾಯಂ ಬೀಗಕ್ಕೆ ಬೆರಳು ಒತ್ತಿ ಹಿಡಿಯಬೇಕಾದ ಜಾಗ.

ಬಸು ಒತ್ತಲಿಲ್ಲ. ಪರದೆಯನ್ನೇ ನೋಡುತ್ತ, "ಅಕ್ಕಾ, ಇದು ನೀ ಬರದಿದ್ದಲ್ಲ?" ಎಂದ.

"ಯಾಕ?"

"ಕಾಚಿಗೂಡದಾಗ ಇದ್ದಾಗ ನೀ ಫೋನಿನಾಗ ಇದನ್ನೇ ಅಂದಿದ್ದಿ."

ಪಿಯುಸಿ ಫೇಲಾದ ವರ್ಷ ಅವನು ಮನೆ ಬಿಟ್ಟು ಓಡಿ ಹೋಗಿದ್ದ. ಎಲ್ಲೆಲ್ಲೋ ಹುಡುಕಿದ ಮೇಲೆ ಹೈದರಾಬಾದಿನ ಕಾಚಿಗೂಡದ ಲಾಡ್ಜೊಂದರಲ್ಲಿ ಚಾದರ ಒಗೆಯುತ್ತಿದ್ದಾನೆಂದು ತಿಳಿಯಿತು. ಬೈದು ನೋಡಿದೆವು, ಅತ್ತು ನೋಡಿದೆವು, ಬರಲೊಲ್ಲೆ ಎಂದ. ಕೊನೆಗೊಂದು ದಿನ ನಾನು, "ನಿನ್ನ ತಾಟು ಹಂಗೇ ಇಟ್ಟೀನಿ. ಎತ್ತಿಡ್ಲಾಕ ಮನಸ್ ಬರವಲ್ದು" ಎಂದಿದ್ದೆ. ಮರುದಿನದ ರೈಲಿಗೆ ಬಂದಿದ್ದ. ಆಫೀಸಿನಲ್ಲಿ ಈ ಸಾಲು ಬರೆಯುವಾಗ ಅದು ನನಗೆ ನೆನಪೇ ಇರಲಿಲ್ಲ. ಎಲ್ಲಿಂದಲೋ ಬಂತು, ಚೆನ್ನಾಗಿದೆ ಅನಿಸಿತು, ಬರೆದೆ.

"ಅವತ್ತ ಈ ಮಾತಿಗೇ ಬಂದೆ" ಎಂದ ಬಸು. "ಇವತ್ತ ಇದರ ಮ್ಯಾಲ ಹ್ಯಾಂಗ ಬೆರಳಿಡ್ಲಿ?"

ಎದುರಿನ ಗಾರೆಯವನ ಹೆಂಡತಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನೋಡಲಿ ಎಂದುಕೊಂಡೆ.

"ಇದು ಮನಿ ಅಲ್ಲೋ ಬಸು. ಇಲ್ಲಿ ನಿನಗ ಯಾರೂ ತಾಟು ಇಟ್ಟಿಲ್ಲ. ಬರದಾಕಿ ನಾನೇ ಹೇಳ್ತೀನಿ, ಇಟ್ಟಿಲ್ಲ. ಒತ್ತು."

ಅವನು ಒತ್ತಿ ಹಿಡಿದ. ಪರದೆ ಬೆಳ್ಳಗಾಯಿತು. ಸೇಡಂ ಬರುವ ತನಕ ನಾವಿಬ್ಬರೂ ಶೇಂಗಾ ಮುಟ್ಟಲಿಲ್ಲ.

ಗಿರಣಿಯಲ್ಲಿ ಪೂಜೆ ಮುಗಿದು ಹೋಳಿಗೆಯ ಪಂಕ್ತಿ ಎದ್ದ ಮೇಲೆ ಬಸು ತಾನಾಗಿಯೇ ಮಲ್ಲಣ್ಣನ ಮುಂದೆ ಹೋಗಿ ನಿಂತ. ಬೇಡವೋ, ಅಮಾವಾಸ್ಯೆಗೆ ಹೇಳುವಿಯಂತೆ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವನು ನೋಡಲಿಲ್ಲ.

"ಕಾಕಾ, ರೈಲಿನಾಗ ತೆರದೆ. ಆಡಬೇಕಂತ ತೆರದೆ, ಆಡ್ಲಿಲ್ಲ. ಕಾಯಂ ಬಂದ್ ಮಾಡಿ ಬಂದೀನ್ರಿ."

"ತೆರೀಬಾರದು ಅಂದಿದ್ದೆ" ಎಂದ ಮಲ್ಲಣ್ಣ.

"ಅಂದಿದ್ರಿ."

"ಮತ್ತ ತೆರದಿ."

"ತೆರದೆ."

ಮಹಾನಂದಾ ಜೋಳದ ಚೀಲಕ್ಕೆ ಆತು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. "ಕಾಕಾ, ಅವನನ್ನ ಕರದಾಕಿ ನಾನು" ಎಂದುಬಿಟ್ಟೆ. ಸಾಫ್ಟ್‌ವೇರು ಎಂದರೆ ಏನು, ನಾನು ದಿನವಿಡೀ ಏನು ಬರೆಯುತ್ತೇನೆ, ಎರಡು ಶ್ರಾವಣದ ಗೊಂದಲ ಏನು, ಎಲ್ಲ ಹೇಳಿದೆ. ಸಣ್ಣವರಿಗೆ ಬೇರೆ ಮೇಜು ಇದೆ, ಮಿತಿ ಇದೆ, ಪರವಾನಗಿ ಇದೆ ಎಂದೂ ಹೇಳಿದೆ. ಆ ಗಿರಣಿಯಲ್ಲಿ ನಿಂತು ಹೇಳುವಾಗ ಅದು ನನ್ನ ಕಿವಿಗೇ ಟೊಳ್ಳಾಗಿ ಕೇಳಿಸಿತು.

ಮಲ್ಲಣ್ಣ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಬಸುವನ್ನು ನೋಡಿದ, ಮಗಳನ್ನು ನೋಡಿದ, ಆಮೇಲೆ ನನ್ನನ್ನು.

"ಹುಡುಗಂದು ನನಗ ತಿಳೀತು. ಕೇಳದಽ ಬಂದು ಹೇಳಿದ, ಅಷ್ಟು ಸಾಕು. ಆದ್ರ ನನ್ನ ಮಗಳು ಬರೋದು ನಿಮ್ಮಿಬ್ರ ಮನಿಗಿ. ಅಲ್ಲಿ ಒಬ್ಬಾಂವ ಬಾಗಲಾ ಹಾಕ್ತಾನ, ಒಬ್ಬಾಕಿ ಕರೀತಾಳ. ಶ್ರಾವಣ ಇನ್ನಾ ಅರ್ಧ ಅದವ್ವಾ. ಉಳಿದದ್ದು ನೀ ಹಿಡಿ. ಅಮಾಸಿಗಿ ಬಂದು ಹೇಳು."

ಮಹಾನಂದಾ ನನ್ನನ್ನೇ ನೋಡುತ್ತಿದ್ದಳು. ಅವಳ ಮುಂದೆ ಆಗಲಿ ಎಂದೂ ಅನ್ನಲಾಗಲಿಲ್ಲ, ಆಗದು ಎಂದೂ ಅನ್ನಲಾಗಲಿಲ್ಲ. ವಾಪಸ್ಸು ಬರುವ ರೈಲಿನಲ್ಲಿ ಬಸು, "ನನ್ನ ಸಲುವಾಗಿ ನೌಕರಿ ಕಳಕೋಬ್ಯಾಡ ಅಕ್ಕಾ" ಎಂದ. ಮನೆ ಬಾಡಿಗೆ ಕಟ್ಟುತ್ತಿದ್ದದ್ದು ನಾನು. ಮದುವೆ ಮಾಡಬೇಕಾದವಳೂ ನಾನು. ಕನ್ನಡದ ಕೆಲಸಕ್ಕೆ ಇದ್ದವಳು ನಾನೊಬ್ಬಳೇ. ನಾನು ಒಲ್ಲೆ ಎಂದರೆ ನಾಳೆಯೇ ಇನ್ನೊಬ್ಬರು ಸಿಗುತ್ತಾರೆ ಎಂಬುದೂ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ನಾನು ಕೂರುವ ಮೊದಲೇ ನಿಖಿಲ್ ಬಂದ. ಎರಡು ಶ್ರಾವಣದ ವಿಷಯಕ್ಕೆ ಕ್ಷಮೆ ಕೇಳಿದ, ಮನಸಾರೆ ಕೇಳಿದ. ಆಮೇಲೆ ಅವನ ಮುಖ ಅರಳಿತು. ಕರೆದವರಲ್ಲಿ ಬಹಳ ಜನ ವಾಪಸ್ಸು ಬಂದಿದ್ದರಂತೆ, ತಾನು ಇಷ್ಟು ನೆನೆಸಿರಲಿಲ್ಲವಂತೆ. "ಕೊನೆಯ ಪರದೆಯ ಆ ಸಾಲು ಇದೆಯಲ್ಲ, ಅದನ್ನು ದಾಟುವವರೇ ಇಲ್ಲ. ತಪ್ಪೋ ಸರಿಯೋ, ಶುರುವಾಗಿ ಹೋಗಿದೆ. ಇವತ್ತು ಸಂಜೆಗೆ ಅಂಥದ್ದೇ ಇನ್ನೊಂದು ಬರೆದುಕೊಡು" ಎಂದ.

"ಆಗುವುದಿಲ್ಲ ಸರ್" ಎಂದೆ. "ನಾನು ಶ್ರಾವಣ ಹಿಡಿದಿದ್ದೇನೆ. ಅಮಾವಾಸ್ಯೆಯ ತನಕ ಯಾರನ್ನೂ ಕರೆಯುವುದಿಲ್ಲ."

ಅವನು ನಗಲು ಹೋಗಿ, ನನ್ನ ಮುಖ ನೋಡಿ ನಿಲ್ಲಿಸಿದ. ಬಾಯಲ್ಲಿದ್ದ ಸೋಂಪು ಅಗಿಯುವುದನ್ನೂ ನಿಲ್ಲಿಸಿದ. ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿ, ನಿಮ್ಮ ಅಮಾವಾಸ್ಯೆ ಯಾವತ್ತು ಎಂದು ಕೇಳಿದ. ಎದ್ದು ಹೋಗಿ ಆ ದಿನದ ಮೇಲೆ ಬೆರಳಿಟ್ಟೆ. ಅವನು ಏನಾದರೂ ಅನ್ನುವ ತನಕ ಅದನ್ನು ಅಲ್ಲಿಂದ ತೆಗೆಯಲಿಲ್ಲ.